ಇಂದಿನ ಧಮ್ಮ ಚಿಂತನೆ: ನಕುಲಮಾತೆಯ ಮೊದಲ ಭರವಸೆ



ಬಂಧುಗಳೇ, ನನಗೀಗ 67. ಸಕ್ಕರೆ ಕಾಯಿಲೆ ಬಂದು 14 ವರ್ಷವಾಯಿತು. ಹೋದ ಮಳೆಗಾಲದಲ್ಲಿ ಕಾಲಿನ ಗಾಯ ಮಾಯದೆ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ. ಮನೆಗೆ ಬಂದ ರಾತ್ರಿ ನಮ್ಮ ಮನೆಯವರು ಕೇಳಿದರು: "ರೀ, ನಿಮಗೇನಾದ್ರೂ ಆದ್ರೆ ಪಿಂಚಣಿ ಕಾಗದ ಎಲ್ಲಿ ಹುಡುಕಲಿ? ಬ್ಯಾಂಕಲ್ಲಿ ಯಾರನ್ನ ಕೇಳಲಿ?"

"ನಾನು ಸಾಯೋದನ್ನೇ ಕಾಯ್ತಿದ್ದೀಯಾ?" ಎಂದು ರೇಗಿದೆ. ಅವರು ಮಾತಾಡದೆ ಎದ್ದು ಒಳಗೆ ಹೋದರು. 22 ಪ್ರತಿಜ್ಞೆ ಸ್ವೀಕರಿಸಿ ಮೂವತ್ತು ವರ್ಷವಾಗಿದ್ದರೂ, ಸಾವಿನ ಮಾತೆತ್ತಿದರೆ ಅಪಶಕುನ ಎಂಬ ಭಯ ನನ್ನೊಳಗೆ ಹಾಗೇ ಕೂತಿತ್ತು.

ಆ ಭಾನುವಾರ ವಿಹಾರದಲ್ಲಿ ಅಂಗುತ್ತರ ನಿಕಾಯದ ನಕುಲಪಿತ ಸುತ್ತವನ್ನು ಓದಿದೆವು. ನಕುಲಪಿತ ಭಗ್ಗ ದೇಶದ ಗೃಹಸ್ಥ. ಕಾಯಿಲೆ ಬಿದ್ದು ಸಾಯುವ ಸ್ಥಿತಿಯಲ್ಲಿದ್ದ. ಹೆಂಡತಿ ನಕುಲಮಾತೆ ಹರಕೆ ಹೊರಲಿಲ್ಲ. ಕಳವಳ ಇಟ್ಟುಕೊಂಡು ಸಾಯಬೇಡಿ, ಅಂಥ ಸಾವು ದುಃಖದ್ದು, ಬುದ್ಧರೂ ಅದನ್ನು ಒಪ್ಪಿಲ್ಲ ಎಂದು ಹೇಳಿ ಆರು ಭರವಸೆ ಕೊಟ್ಟಳು. ಶೀಲ, ಚಿತ್ತದ ಶಾಂತಿ, ಧಮ್ಮದಲ್ಲಿನ ಶ್ರದ್ಧೆ ಎಲ್ಲ ಕೊನೆಗೆ ಬರುತ್ತವೆ. ಮೊದಲ ಭರವಸೆ ಇದು: ನನಗೆ ಹತ್ತಿ ನೂಲಲು, ಉಣ್ಣೆ ಹಿಂಜಲು ಬರುತ್ತದೆ, ಮಕ್ಕಳನ್ನು ಸಾಕುತ್ತೇನೆ, ಮನೆ ನಡೆಸುತ್ತೇನೆ. ದುಡಿಮೆಯ ಮಾತೇ ಮುಂದು! ಕೇಳುತ್ತ ಕೇಳುತ್ತ ನಕುಲಪಿತ ಚೇತರಿಸಿಕೊಂಡ. ಕೋಲೂರಿಕೊಂಡು ಬಂದ ಅವನಿಗೆ, ಇಂಥ ಹೆಂಡತಿ ಸಿಕ್ಕಿದ್ದು ನಿನ್ನ ಭಾಗ್ಯ ಎಂದರು ಬುದ್ಧರು.

(ಮಾತಿನಿಂದ ಸಕ್ಕರೆ ಇಳಿಯುತ್ತದೆ ಎಂದು ಯಾರೂ ತಿಳಿಯಬೇಡಿ. ಬಾಬಾಸಾಹೇಬರಿಗೂ ಸಕ್ಕರೆ ಕಾಯಿಲೆಯಿತ್ತು. ವೈದ್ಯೆಯಾಗಿದ್ದ ಸವಿತಾ ಅವರ ಆರೈಕೆಯಲ್ಲೇ 'ಬುದ್ಧ ಮತ್ತು ಅವನ ಧಮ್ಮ' ಮುಗಿಸಿದರು. ಮಾತ್ರೆ ಬಿಡಬೇಡಿ, ದಿನಾ ಪಾದ ನೋಡಿಕೊಳ್ಳಿ. ನಾನು ನೋಡಿಕೊಳ್ಳದ್ದರಿಂದಲೇ ಆ ಒಂಬತ್ತು ದಿನ.)

ನಮ್ಮ ಮನೆಯವರು ಮೂವತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದಾರೆ. ನಾನದನ್ನು ಕೈಖರ್ಚಿನ ಕೆಲಸ ಎನ್ನುತ್ತಿದ್ದೆ.

ಅವತ್ತು ಸಂಜೆ ಇಬ್ಬರೂ ಟ್ರಂಕ್ ತೆಗೆದು ಕೂತೆವು. ಪಿಂಚಣಿ ಆದೇಶ, ಪಾಸ್‌ಬುಕ್, ಮನೆಯ ಪತ್ರ ಎಲ್ಲ ಒಂದೇ ಚೀಲಕ್ಕೆ ಬಂದವು. ಮರುದಿನ ಬ್ಯಾಂಕಿಗೆ ಹೋಗಿ ಖಾತೆಗೆ ಅವರ ಹೆಸರು ಸೇರಿಸಲು ಅರ್ಜಿ ಕೊಟ್ಟೆವು. ಪಿಂಚಣಿ ಇಲ್ಲದವರು 65 ತುಂಬಿದ್ದರೆ ನಾಡಕಚೇರಿಯಲ್ಲಿ ಸಂಧ್ಯಾ ಸುರಕ್ಷಾಕ್ಕೆ ಅರ್ಜಿ ಕೊಡಿ. ಆದಾಯದ ಮಿತಿ ಇದೆ, ವಿಚಾರಿಸಿ.

ಮನೆಯ ಪತ್ರ ನೋಡಿದಾಗ ಇನ್ನೊಂದು ವಿಷಯ ಬಂತು. ಮಗ ಮನೆಯನ್ನು ತನ್ನ ಹೆಸರಿಗೆ ದಾನಪತ್ರ ಮಾಡಿಕೊಡಿ ಎಂದು ಕೇಳುತ್ತಿದ್ದಾನೆ. ಒಳ್ಳೆಯ ಹುಡುಗ, ನನಗೆ ಅನುಮಾನವಿಲ್ಲ. ಆದರೂ ಅಪ್ಪ-ಅಮ್ಮನನ್ನು ನೋಡಿಕೊಳ್ಳಬೇಕು ಎಂಬ ಷರತ್ತು ಪತ್ರದಲ್ಲೇ ಇರಲಿ ಎಂದೆ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ಹಾಗೆ ಬರೆದಿದ್ದು ಮಕ್ಕಳು ನೋಡಿಕೊಳ್ಳದಿದ್ದರೆ, ಪತ್ರ ರದ್ದು ಮಾಡಿ ಎಂದು ಉಪವಿಭಾಗಾಧಿಕಾರಿಗಳ ಮುಂದೆ ಕೇಳಬಹುದು. ಷರತ್ತು ಬರೆಯದೆ ಸಹಿ ಹಾಕಿದವರಿಗೆ ಕಷ್ಟ. ಮಗನಿಗೆ ಬೇಸರವಾಗಿದೆ. ಎರಡು ವಾರದಿಂದ ಫೋನ್ ಮಾಡಿಲ್ಲ. ಬೇಸರ ಈಗಲೇ ಆಗಿ ಹೋಗಲಿ ಎಂದುಕೊಂಡಿದ್ದೇನೆ.

ಟ್ರಂಕ್ ಮುಚ್ಚುವಾಗ ಮನೆಯವರು ಇನ್ನೊಂದು ಕೇಳಿದರು: "ನಾನೇ ಮೊದಲು ಹೋದ್ರೆ?" ಬುದ್ಧರ ಕಾಲದ ಆ ನಕುಲಪಿತ ತನ್ನ ಹೆಂಡತಿಗೆ ತಿರುಗಿ ಯಾವ ಭರವಸೆಯನ್ನೂ ಕೊಟ್ಟಂತೆ ಸುತ್ತದಲ್ಲಿ ಇಲ್ಲ. ನನಗೂ ಉತ್ತರ ಹೊಳೆಯಲಿಲ್ಲ. ಈ ವಾರ ರಾಗಿ ಗಂಜಿ ಮಾಡಲು ಕಲಿತೆ, ಮೊದಲ ದಿನ ಗಂಟಾಯಿತು. ಅವರ ಬಿಪಿ ಮಾತ್ರೆಯ ಹೆಸರನ್ನೂ ಬರೆದಿಟ್ಟುಕೊಂಡೆ. ಇಷ್ಟು ವರ್ಷ ಅದು ನನಗೆ ಗೊತ್ತಿರಲಿಲ್ಲ.