ಚೆಂಡು ಬರುವ ಮೊದಲು

ಮಂಡಕಳ್ಳಿ, ಮೈಸೂರು
ಭಾನುವಾರ

ಚಿ. ಪುಟ್ಟಿಗೆ,

ಇಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಅತ್ತಾಗಿನಿಂದ ನಿನ್ನ ಅಜ್ಜಿಗೆ ಮಾತ್ರ ಸಮಾಧಾನವಿಲ್ಲ. ಹಾಸ್ಟೆಲಿನಲ್ಲಿ ಊಟ ಸರಿಯಿದೆಯೋ ಇಲ್ಲವೋ, ಮಂಡಿಗೇನಾದರೂ ಏಟು ಬಿದ್ದಿದೆಯೋ, ಮಗು ಏನನ್ನೋ ಮುಚ್ಚಿಡುತ್ತಿದೆಯೋ ಎಂದು ಒಂದೇ ಸಮನೆ ಕೇಳುತ್ತಾಳೆ. ನನಗೂ ಅದೇ ಕಳವಳ. ಆದರೆ ನಾನು ವಿಚಾರಿಸಿದರೆ ನೀನು "ಹ್ಞೂಂ ತಾತ, ಸರಿ ತಾತ" ಎಂದು ಮಾತು ಮುಗಿಸಿಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವಾದರೆ ದಿಂಬಿನಡಿ ಇಟ್ಟುಕೊಂಡು ಸಿಟ್ಟು ಇಳಿದ ಮೇಲೆ ಓದಬಹುದು.

ಮುಂದೆ ನಿಂತು ಗೋಲ್ ಹೊಡೆಯುತ್ತಿದ್ದವಳನ್ನು ಹಿಂದಕ್ಕೆ ಕರೆದು ಮೈದಾನದ ಮಧ್ಯಕ್ಕೆ ನಿಲ್ಲಿಸಿಬಿಟ್ಟರು ಎಂಬುದು ನಿನ್ನ ದುಃಖ. ಅದು ಸಣ್ಣ ದುಃಖವೇನಲ್ಲ. ಇಲ್ಲಿ ಊರ ಬಯಲಿನಲ್ಲಿ ಎರಡು ಜೊತೆ ಚಪ್ಪಲಿ ಇಟ್ಟು ಗೋಲು ಕಟ್ಟಿಕೊಂಡು ಹುಡುಗರ ಜೊತೆ ಆಡುವಾಗಲೂ ನಿನ್ನ ಕಣ್ಣು ಆ ಚಪ್ಪಲಿಗಳ ಮೇಲೇ. ತಲೆಯ ಮೇಲೆ ವಿಮಾನ ಇಳಿಯುವ ಸದ್ದಿಗೆ ಉಳಿದವರೆಲ್ಲ ಕತ್ತೆತ್ತಿದರೆ ನೀನು ಆ ಸಮಯ ನೋಡಿ ಚೆಂಡು ದಾಟಿಸುತ್ತಿದ್ದೆ. ಕಾಲು ತೊಳೆಯುವುದಕ್ಕೂ ಮುಂಚೆ ಒಳಗೆ ಓಡಿಬಂದು ಎಷ್ಟು ಗೋಲು ಎಂದು ಹೇಳಲೇಬೇಕು. ಅಂಥ ಮಗುವಿಗೆ "ಇನ್ನು ಮೇಲೆ ನೀನು ಹೊಡೆಯಬೇಡ, ಹೊಡೆಯುವವರಿಗೆ ಕೊಡು" ಎಂದರೆ ಎದೆ ಭಾರವಾಗದೆ ಇರುತ್ತದೆಯೇ? ನಾನು ಕಾರ್ಖಾನೆಯ ತಂಡದಲ್ಲಿ ಸೆಂಟರ್ ಹಾಫ್ ಆಗಿ ಆಡಿದವನು. ನೀನು ಈಗ ನಿಂತಿರುವುದು ಹೆಚ್ಚುಕಡಿಮೆ ಅದೇ ಜಾಗದಲ್ಲಿ. ಅದರ ಕಷ್ಟವೂ ಗೊತ್ತು, ಸುಖವೂ ಗೊತ್ತು.

ನಿಮ್ಮ ಕೋಚ್ ಮೇಡಂ "ಟೋನಿ ಕ್ರೂಸ್ ಆಟ ನೋಡು" ಎಂದರಂತಲ್ಲ. ಪಕ್ಕದ ಮನೆಯ ಹುಡುಗನ ಕೈಯಲ್ಲಿ ಟಿವಿಗೆ ಹಾಕಿಸಿಕೊಂಡು ನಾನೂ ನೋಡಿದೆ. ಈ ಹುಡುಗ ಹುಟ್ಟಿದ್ದು 1990ರ ಜನವರಿಯಲ್ಲಿ, ಆಗಿನ್ನೂ ಪೂರ್ವ ಜರ್ಮನಿಗೆ ಸೇರಿದ್ದ ಗ್ರೈಫ್ಸ್‌ವಾಲ್ಡ್ ಎಂಬ ಊರಿನಲ್ಲಿ. ಅಪ್ಪನೇ ಕೋಚು. 2007ರಲ್ಲಿ ಕೊರಿಯಾದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಜರ್ಮನಿಗೆ ಸಿಕ್ಕಿದ್ದು ಮೂರನೇ ಸ್ಥಾನ, ಅತ್ಯುತ್ತಮ ಆಟಗಾರನ ಚಿನ್ನದ ಚೆಂಡು ಮಾತ್ರ ಇವನಿಗೆ. ಬಯರ್ನ್ ಮ್ಯೂನಿಕ್‌ನಲ್ಲಿ ಬೆಳೆದ. 2014ರ ವಿಶ್ವಕಪ್ ಗೆದ್ದ ಬೇಸಿಗೆಯಲ್ಲೇ ರಿಯಲ್ ಮ್ಯಾಡ್ರಿಡ್‌ಗೆ ಹೋಗಿ ಹತ್ತು ವರ್ಷ ಅಲ್ಲೇ ಆಡಿದ. 2024ರ ಜೂನ್ 1ರಂದು ಲಂಡನ್ನಿನ ವೆಂಬ್ಲಿಯಲ್ಲಿ ಅವನ ಆರನೇ ಚಾಂಪಿಯನ್ಸ್ ಲೀಗ್. ಆ ಫೈನಲಿನ ಮೊದಲ ಗೋಲು ಬಂದಿದ್ದು ಅವನು ಒದ್ದ ಕಾರ್ನರಿನಿಂದ. ಮುಂದಿನ ತಿಂಗಳು ಯೂರೋ ಕಪ್‌ನಲ್ಲಿ ಸ್ಪೇನ್ ಎದುರು ಸೋತ ದಿನ, 34ನೇ ವಯಸ್ಸಿಗೆ, ಬೂಟು ಬಿಚ್ಚಿಟ್ಟ. ಅದೇ ಯೂರೋ ಕಪ್‌ನ ಮೊದಲ ಪಂದ್ಯದಲ್ಲಿ ಸ್ಕಾಟ್ಲೆಂಡ್ ವಿರುದ್ಧ ಅವನು ಕೊಟ್ಟ 102 ಪಾಸ್‌ಗಳಲ್ಲಿ 101 ತಮ್ಮವರ ಕಾಲಿಗೇ ಸೇರಿದ್ದವು. ಆ ಲೆಕ್ಕ ಓದಿ ನಾನು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ.

ಅವನೂ ತಪ್ಪಿದ್ದಾನೆ ಪುಟ್ಟಿ. 2018ರ ವಿಶ್ವಕಪ್‌ನಲ್ಲಿ ಸ್ವೀಡನ್ ಗೋಲು ಹೊಡೆದದ್ದು ಇವನದೇ ಕೆಟ್ಟ ಪಾಸಿನಿಂದ. ಆಮೇಲೂ ಚೆಂಡು ಬೇಡ ಎನ್ನಲಿಲ್ಲ. ತೊಂಬತ್ತು ನಿಮಿಷ ಮುಗಿದು ಐದನೇ ನಿಮಿಷ ನಡೆಯುವಾಗ ಫ್ರೀ ಕಿಕ್‌ನಲ್ಲಿ ಗೆಲುವಿನ ಗೋಲು ಹೊಡೆದ. ಜರ್ಮನಿ ಆ ವಿಶ್ವಕಪ್‌ನಲ್ಲಿ ಮುಂದೆ ಹೋಗಲಿಲ್ಲ, ಆ ಮಾತು ಬೇರೆ. ಒಂದು ಸಲ ಎಡವಿದವನು ಮತ್ತೆ ಅದೇ ಜಾಗದಲ್ಲಿ ನಿಂತು "ನನಗೆ ಕೊಡಿ" ಎಂದು ಕೇಳಿದ್ದು ನನಗೆ ದೊಡ್ಡದಾಗಿ ಕಂಡಿತು.

ಆದರೆ ಅವನನ್ನು ನೋಡುತ್ತಾ ಕೂತಿದ್ದಾಗ ನನ್ನ ಮನಸ್ಸು ಹೋದದ್ದು ನಮ್ಮ ಕಾರ್ಲ್‌ಟನ್ ಚಾಪ್‌ಮನ್ ಕಡೆಗೆ. ನೀನು ಆ ಹೆಸರು ಕೇಳಿರಲಾರೆ, ಕೇಳಲೇಬೇಕು. ನೀನೀಗ ಇರುವ ಬೆಂಗಳೂರಿನವನೇ. ಆ ಊರಿನ ಕಾಲ್ಚೆಂಡಿನ ವಂಶ ದೊಡ್ಡದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಬಹುಪಾಲು ಬರಿಗಾಲಲ್ಲಿ ಆಡಿ ಫ್ರಾನ್ಸ್‌ಗೆ 1-2ರಲ್ಲಿ ಸೋತರು. ಭಾರತದ ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಮೈಸೂರು ರಾಜ್ಯದ ಆಟಗಾರ. ಈಸ್ಟ್ ಬೆಂಗಾಲ್‌ನ ಪಂಚಪಾಂಡವರೆಂದು ಕಲ್ಕತ್ತೆಯ ಜನ ಕೊಂಡಾಡಿದ ಐವರಲ್ಲಿ ಒಬ್ಬನಾದ ಅಹ್ಮದ್ ಖಾನ್ ಕೂಡ ಬೆಂಗಳೂರಿನವನೇ. 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೈಸೂರು ತಂಡದ ಸುದ್ದಿಯನ್ನು ನಾವು ಹುಡುಗರು ಬಾಯಿಪಾಠ ಮಾಡಿಕೊಂಡಿದ್ದೆವು. ಮತ್ತೆ ಆ ಕಪ್ ನಮ್ಮ ರಾಜ್ಯಕ್ಕೆ ಬರಲು 54 ವರ್ಷ ಬೇಕಾಯಿತು. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದ ರಾತ್ರಿ ನಿನಗೆ ನೆನಪಿರಬಹುದು. ನಾನು ಸಕ್ಕರೆ ತಿನ್ನಬಾರದು ಎನ್ನುವ ನಿನ್ನ ಅಜ್ಜಿಯೇ ಅಂದು ಪಾಯಸ ಮಾಡಿದಳು.

ಚಾಪ್‌ಮನ್ ಹುಟ್ಟಿದ್ದು 1971ರಲ್ಲಿ. ಬೆಂಗಳೂರಿನ ಸಾಯ್ ಕ್ರೀಡಾ ತರಬೇತಿ ಕೇಂದ್ರದಲ್ಲಿ ಕಲಿತು, 1990ರಲ್ಲಿ ಜಮ್‌ಷೆಡ್‌ಪುರದ ಟಾಟಾ ಫುಟ್ಬಾಲ್ ಅಕಾಡೆಮಿಗೆ ಹೋದ. ನಿನ್ನ ಹಾಗೇ ಮನೆ ಬಿಟ್ಟು, ಹಾಸ್ಟೆಲ್ ಊಟ ಉಂಡುಕೊಂಡು ಬೆಳೆದ ಹುಡುಗ. 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದ. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಹೊಡೆದುಹಾಕಿತು. ಆರರಲ್ಲಿ ಮೂರು ಗೋಲು ಚಾಪ್‌ಮನ್‌ನದು! ಮಧ್ಯದಲ್ಲಿ ಆಡುವವನು, ಇರಾಕಿನವರ ಮೇಲೆ ಹ್ಯಾಟ್ರಿಕ್! ಪತ್ರಿಕೆಯಲ್ಲಿ ಅದನ್ನು ಓದಿ ನಾನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿಹೇಳಿದ್ದೆ. ಮಧ್ಯದಲ್ಲಿ ನಿಂತರೆ ಗೋಲು ಹೊಡೆಯುವ ಯೋಗವೇ ಮುಗಿದುಹೋಯಿತು ಎಂದು ಅತ್ತೆಯಲ್ಲ, ಅದಕ್ಕೆ ಈ ಮಾತು ಹೇಳಿದೆ.

ನನಗೆ ಹೆಚ್ಚು ಇಷ್ಟವಾದ ಚಾಪ್‌ಮನ್ ಮಾತ್ರ ಆಮೇಲಿನವನು. 1995ರಲ್ಲಿ ಪಂಜಾಬಿನ ಜೆಸಿಟಿ ತಂಡಕ್ಕೆ ಹೋದ. ಅಲ್ಲಿ ಮುಂದೆ ಆಡುತ್ತಿದ್ದವರು ಕೇರಳದ ಐ. ಎಂ. ವಿಜಯನ್, ಸಿಕ್ಕಿಂನ ಬೈಚುಂಗ್ ಭುಟಿಯಾ. ಈ ಮೂವರಿದ್ದಾಗ ಜೆಸಿಟಿ ಗೆಲ್ಲದ ಕಪ್ ಕಡಿಮೆ. ದೇಶದ ಮೊಟ್ಟಮೊದಲ ನ್ಯಾಷನಲ್ ಫುಟ್ಬಾಲ್ ಲೀಗ್ ಅನ್ನು, 1996-97ರಲ್ಲಿ, ಗೆದ್ದದ್ದೂ ಅವರೇ. ಜನ ಕೂಗಿದ್ದು ವಿಜಯನ್, ಬೈಚುಂಗ್ ಹೆಸರನ್ನು. ಅದು ತಪ್ಪೂ ಅಲ್ಲ, ಅವರು ಅಂಥ ಆಟಗಾರರು. ಆದರೆ ಆ ಇಬ್ಬರ ಬೆನ್ನಿಗೆ ನಿಂತು ಇಡೀ ಆಟವನ್ನು ಹೊತ್ತು ಸಾಗಿಸಿದವನನ್ನು ಆಟ ಬಲ್ಲವರು ಮರೆಯಲಿಲ್ಲ. 1997ರಲ್ಲಿ ಕಠ್ಮಂಡುವಿನಲ್ಲಿ ಭಾರತ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್ ಗೆದ್ದಾಗ ನಾಯಕ ಅವನೇ. ಕೊಚ್ಚಿಯಲ್ಲಿ ಸ್ವಲ್ಪ ಕಾಲ ಆಡಿ ಮತ್ತೆ ಈಸ್ಟ್ ಬೆಂಗಾಲ್‌ಗೆ ಬಂದ. 2001ರಲ್ಲಿ ಆ ತಂಡ ನ್ಯಾಷನಲ್ ಲೀಗ್ ಗೆದ್ದಾಗಲೂ ನಾಯಕ ಅವನೇ. ಮುಂದೆ ಓಡುವವರನ್ನೂ ಹಿಂದೆ ತಡೆಯುವವರನ್ನೂ ಒಟ್ಟಿಗೆ ಬಲ್ಲವನ ತೋಳಿಗೆ ನಾಯಕನ ಪಟ್ಟಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಅದೇ ವರ್ಷ ಆಟ ನಿಲ್ಲಿಸಿ ತಾನು ಕಲಿತ ಟಾಟಾ ಅಕಾಡೆಮಿಗೇ ಹೋಗಿ ಹುಡುಗರಿಗೆ ಹೇಳಿಕೊಟ್ಟ. ಶಿಲ್ಲಾಂಗ್, ಕಲ್ಕತ್ತೆ, ಕಲ್ಲಿಕೋಟೆ ಎಂದು ಕೊನೆಯತನಕ ಕಲಿಸುವ ಕೆಲಸವನ್ನೇ ಮಾಡಿದ. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತವಾಗಿ ತೀರಿಕೊಂಡ. ಇನ್ನೂ 49 ವರ್ಷ. ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಅವನ ಆಟದ ಪೂರ್ತಿ ಪಂದ್ಯಗಳು ಈಗ ಹುಡುಕಿದರೂ ಹೆಚ್ಚು ಸಿಗುವುದಿಲ್ಲ, ತುಣುಕುಗಳಷ್ಟೇ. ಕ್ರೂಸ್‌ನ ಪ್ರತಿ ಪಾಸೂ ಲೆಕ್ಕದಲ್ಲಿದೆ, ನಮ್ಮವನ ಪಾಸುಗಳನ್ನು ಎಣಿಸಿಟ್ಟವರಿಲ್ಲ. ಇದು ನನಗೆ ಬಹಳ ಸಂಕಟದ ವಿಷಯ. ನಿನಗಾದರೂ ಹೇಳಿಬಿಡೋಣ ಎಂದು ಇಷ್ಟುದ್ದ ಬರೆದೆ.

ಈಗ ನಾನು ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಕ್ರೂಸ್‌ನ ವಿಡಿಯೋ ನೋಡುವಾಗ ಚೆಂಡನ್ನು ನೋಡಬೇಡ, ಅವನ ಕತ್ತನ್ನು ನೋಡು. ಚೆಂಡು ಇನ್ನೂ ಬೇರೆಯವರ ಕಾಲಲ್ಲಿ ಇರುವಾಗಲೇ ಅವನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಾನೆ. ಯಾರು ಎಲ್ಲಿ ಖಾಲಿ ಇದ್ದಾರೆ, ಯಾರು ತನ್ನ ಮೇಲೆ ಬೀಳಲು ಬರುತ್ತಿದ್ದಾರೆ ಎಂದು ಮೊದಲೇ ಕಂಡುಕೊಂಡಿರುತ್ತಾನೆ. ಚೆಂಡು ಕಾಲಿಗೆ ಬರುವ ಹೊತ್ತಿಗೆ ಎಲ್ಲಿಗೆ ಕಳಿಸಬೇಕೆಂಬುದು ತೀರ್ಮಾನವಾಗಿರುತ್ತದೆ. ಅದಕ್ಕೇ ಅವನಿಗೆ ಅವಸರವಿಲ್ಲ. ಅಡುಗೆಮನೆಯಲ್ಲಿ ನಿನ್ನ ಅಜ್ಜಿ ಒಗ್ಗರಣೆಗೆ ಎಣ್ಣೆ ಇಡುವ ಮೊದಲೇ ಸಾಸಿವೆ, ಕರಿಬೇವು ಕೈಗೆ ಸಿಗುವಂತೆ ಇಟ್ಟುಕೊಂಡಿರುತ್ತಾಳಲ್ಲ, ಹಾಗೆ. ಮುಂದೆ ಆಡುವಾಗ ನಿನಗೆ ಬೇಕಾಗಿದ್ದದ್ದು ಒಂದೇ ದಿಕ್ಕು. ಮಧ್ಯದಲ್ಲಿ ನಿಂತವಳಿಗೆ ಸುತ್ತಲೂ ಆಟ. ಬೆನ್ನ ಹಿಂದಿನಿಂದಲೂ ಎದುರಾಳಿ ಬರುತ್ತಾಳೆ. ಈ ಹೊಸ ಜಾಗದಲ್ಲಿ ಚೆಂಡನ್ನು ಬೇಗ ಬೇಗ ಕಸಿದುಕೊಳ್ಳುತ್ತಿದ್ದಾರೆ ಎಂದೆಯಲ್ಲ, ನಿನ್ನ ಕಾಲಿನಲ್ಲಿ ದೋಷವಿಲ್ಲ ಮಗಳೇ. ನೀನು ಚೆಂಡು ಬಂದ ಮೇಲೆ ನೋಡುತ್ತಿದ್ದೀಯ.

ಆದ್ದರಿಂದ ನಿನಗೆ ಒಂದೇ ಮಾತು. ಚೆಂಡು ಬರುವ ಮೊದಲು ಎರಡು ಕಡೆ ತಿರುಗಿ ನೋಡು. ಅಭ್ಯಾಸದಲ್ಲಿ, ಪಂದ್ಯದಲ್ಲಿ, ನಿನ್ನ ಕಡೆ ಚೆಂಡು ಬರುವ ಸೂಚನೆಯೇ ಇಲ್ಲದಾಗಲೂ ನೋಡು. ಮೊದಮೊದಲು ಕತ್ತು ತಿರುಗಿಸುವ ಭರದಲ್ಲಿ ಚೆಂಡು ತಪ್ಪೀತು, ಯಾರಾದರೂ ಬೈದಾರು. ಬೈಸಿಕೋ, ಬಿಡಬೇಡ. ಮೇಡಂ ಹತ್ತಿರ ಹೀಗೆ ಮಾಡುತ್ತಿದ್ದೇನೆ ಎಂದು ಹೇಳಿಬಿಡು, ಅವರು ಖಂಡಿತ ಬೇಡ ಎನ್ನುವುದಿಲ್ಲ. ಮತ್ತೆ ಫಾರ್ವರ್ಡ್ ಮಾಡಿ ಎಂದು ಕೇಳುವುದಿದ್ದರೆ ಈ ಸೀಸನ್ ಪೂರ್ತಿ ಮಧ್ಯದಲ್ಲಿ ಆಡಿದ ಮೇಲೆ ಕೇಳು. ಆಗಲೂ ನಿನಗೆ ಹಾಗೇ ಅನ್ನಿಸಿದರೆ ನಾನೇ ಬಂದು ಮೇಡಂ ಜೊತೆ ಮಾತಾಡುತ್ತೇನೆ.

ಮುಂದಿನ ವಾರ ನಿಮ್ಮಪ್ಪ ಬರುವಾಗ ಅಜ್ಜಿ ಮಾಡಿದ ಕೋಡುಬಳೆ, ನಂಜನಗೂಡಿನ ರಸಬಾಳೆ ಕಳಿಸುತ್ತೇನೆ. ಹಣ್ಣು ಮಾಗುವವರೆಗೆ ಕಾದು ತಿನ್ನು, ರೂಮಿನವರಿಗೂ ಕೊಡು.

ಇಂತಿ ನಿನ್ನ ಪ್ರೀತಿಯ,
ತಾತ

ತಾ. ಕ.: ಶನಿವಾರದ ಪಂದ್ಯದ ವಿಡಿಯೋ ಕಳಿಸುವಾಗ ಗೋಲುಗಳನ್ನಷ್ಟೇ ಕತ್ತರಿಸಿ ಕಳಿಸಬೇಡ. ಪೂರ್ತಿ ಕಳಿಸು. ಚೆಂಡು ನಿನ್ನ ಹತ್ತಿರ ಇಲ್ಲದಾಗ ನೀನು ಏನು ಮಾಡುತ್ತಿದ್ದೀಯ ಎಂದು ನಾನು ನೋಡಬೇಕು.