ಹಿಪ್ಪುನೇರಳೆ ಕಡ್ಡಿ, ಕಬ್ಬಿಣದ ಕಣ: ಹೊಸೂರು ಸೀಮೆಯ ವಿಜ್ಞಾನ ವಿದ್ಯಾರ್ಥಿಗೆ



ಹೊಸೂರು, ತಳಿ, ಡೆಂಕಣಿಕೋಟೆ ಕಡೆ ರೇಷ್ಮೆಹುಳು ಸೊಪ್ಪು ಮೇಯ್ದ ಮೇಲೆ ಉಳಿಯುವ ಹಿಪ್ಪುನೇರಳೆ ಕಡ್ಡಿ ಒಲೆಗೋ ತಿಪ್ಪೆಗೋ ಸೇರುತ್ತದೆ. ಅದರ ಹಸಿ ತೊಗಟೆ ಸುಲಿದರೆ ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತದೆ. ಆ ನಾರಿನ ಮುಖ್ಯ ಅಂಶವೇ ಸೆಲ್ಯುಲೋಸ್, ಅಂದರೆ ಗ್ಲೂಕೋಸ್ ಅಣುಗಳ ಉದ್ದನೆಯ ಸರಪಳಿ. 1838ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಇದನ್ನು ಸಸ್ಯಗಳಿಂದ ಬೇರ್ಪಡಿಸಿ ತೋರಿಸಿದರು. ಕೇಂದ್ರ ರೇಷ್ಮೆ ಮಂಡಳಿ ಹೊಸೂರಿನಲ್ಲಿ ಕಾಪಾಡಿಕೊಂಡು ಬಂದಿರುವ ಸಾವಿರಕ್ಕೂ ಹೆಚ್ಚು ಹಿಪ್ಪುನೇರಳೆ ತಳಿಗಳು ನಾರಿನ ಗುಣ ಹೋಲಿಸಿ ನೋಡುವವರಿಗೆ ದೊಡ್ಡ ಭಂಡಾರ.

ತೊಗಟೆಯನ್ನು ಕ್ಷಾರದಲ್ಲಿ ಬೇಯಿಸಿ, ಬಿಳುಪುಗೊಳಿಸಿ, ಗಂಧಕಾಮ್ಲದಲ್ಲಿಟ್ಟರೆ ಸಡಿಲ ಭಾಗ ಕರಗಿ ನ್ಯಾನೋ ಗಾತ್ರದ ಗಟ್ಟಿ ಸಲಾಕೆಗಳು ಉಳಿಯುತ್ತವೆ. (ಆಮ್ಲದ ಸಾಂದ್ರತೆ ಸುಮಾರು ಶೇಕಡಾ 64, ಮೇಷ್ಟರು ಪಕ್ಕದಲ್ಲಿಲ್ಲದೆ ಮುಟ್ಟುವಂಥದ್ದಲ್ಲ.) ಈ ಸಲಾಕೆಗಳಿರುವ ನೀರಿಗೆ ಫೆರಸ್ ಮತ್ತು ಫೆರಿಕ್ ಲವಣಗಳನ್ನು 1:2 ಪ್ರಮಾಣದಲ್ಲಿ ಬೆರೆಸಿ ಅಮೋನಿಯಾ ಹಾಕಿದೊಡನೆ ದ್ರಾವಣ ಕಪ್ಪಾಗುತ್ತದೆ. ಆ ಕಪ್ಪೇ ಮ್ಯಾಗ್ನೆಟೈಟ್. ಸೆಲ್ಯುಲೋಸಿನ ಹೈಡ್ರಾಕ್ಸಿಲ್ ಗುಂಪುಗಳು ಅದನ್ನು ಹಿಡಿದಿಡುತ್ತವೆ. ನಳಿಕೆಯ ಪಕ್ಕ ಆಯಸ್ಕಾಂತ ಇಟ್ಟರೆ ಕಪ್ಪೆಲ್ಲ ಗೋಡೆಗೆ ಸರಿದು ನೀರು ತಿಳಿಯಾಗುತ್ತದೆ. ತೆಗೆದು ಅಲುಗಿಸಿದರೆ ಮತ್ತೆ ಕದಡುತ್ತದೆ. ಸುಮಾರು 20 ನ್ಯಾನೋಮೀಟರಿಗಿಂತ ಸಣ್ಣ ಕಣಗಳಲ್ಲಿ ಆಯಸ್ಕಾಂತ ದೂರವಾದೊಡನೆ ಕಾಂತತ್ವವೂ ಅಳಿಯುವುದರಿಂದ ಅವು ಒಂದಕ್ಕೊಂದು ಅಂಟಿ ಗಡ್ಡೆಕಟ್ಟುವುದಿಲ್ಲ.

ವೈದ್ಯಕೀಯ ಉಪಯೋಗಗಳೆಲ್ಲ ಈ ಗುಣದ ಮೇಲೆಯೇ ನಿಂತಿವೆ. ರಕ್ತದಿಂದ ಡಿಎನ್‌ಎ ಬೇರ್ಪಡಿಸಲು ಸೆಲ್ಯುಲೋಸ್ ಆಧಾರಿತ ಕಾಂತೀಯ ಮಣಿಗಳು ಆಗಲೇ ಮಾರುಕಟ್ಟೆಯಲ್ಲಿವೆ, ಅವು ನ್ಯಾನೋಗಿಂತ ದಪ್ಪ ಎಂಬುದು ಬೇರೆ ಮಾತು. ಎಂಆರ್‌ಐ ಚಿತ್ರ ಸ್ಪಷ್ಟಗೊಳಿಸುವುದು, ಕ್ಯಾನ್ಸರ್ ಗಡ್ಡೆಯನ್ನು 42ರಿಂದ 45 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಕೊಲ್ಲುವುದು, ಔಷಧಿಯನ್ನು ಬೇಕಾದೆಡೆಗೆ ಎಳೆದೊಯ್ಯುವುದು ಉಳಿದ ಉದ್ದೇಶಗಳು. ಕೊನೆಯದರ ಬಗ್ಗೆ ಅತಿ ಭರವಸೆ ಸಲ್ಲದು: ದೂರ ಹೆಚ್ಚಿದಂತೆ ಆಯಸ್ಕಾಂತದ ಸೆಳೆತ ಬಲುಬೇಗ ಕುಗ್ಗುತ್ತದೆ, ಆಳದ ಅಂಗಕ್ಕೆ ಅದು ಮುಟ್ಟುವುದೇ ಕಷ್ಟ.

ಇನ್ನೊಂದು ತೊಡಕು ಕಣಗಳ ಸೆಲ್ಯುಲೋಸ್ ಹೊದಿಕೆಯದ್ದೇ. ಶರ್ಕರದ ಹೊದಿಕೆಯಿರುವ ಐರನ್ ಆಕ್ಸೈಡ್ ಕಣಗಳ ಫೆರುಮಾಕ್ಸಿಟಾಲ್‌ಗೆ 2009ರಲ್ಲಿ ಅಮೆರಿಕದಲ್ಲಿ ರಕ್ತಹೀನತೆಯ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ಅದರ ಕಬ್ಬಿಣ ದೇಹದ ಕಬ್ಬಿಣದ ದಾಸ್ತಾನಿಗೇ ಸೇರುತ್ತದೆ. ಸೆಲ್ಯುಲೋಸನ್ನು ಒಡೆಯುವ ಕಿಣ್ವ ಮಾತ್ರ ಮನುಷ್ಯನ ದೇಹದಲ್ಲಿಲ್ಲ. ಹಾಗಾಗಿ, ಕೆಲಸ ಮುಗಿಸಿದ ಕಣ ಎಲ್ಲಿಗೆ ಹೋಗುತ್ತದೆ ಎಂದು ವಿದ್ಯಾರ್ಥಿ ಮೊದಲ ದಿನವೇ ಕೇಳಿಕೊಳ್ಳುವುದು ಒಳ್ಳೆಯದು. ಗಾಯದ ಪಟ್ಟಿ, ಪರೀಕ್ಷಾ ನಳಿಕೆಯಂಥ ಮೈಹೊರಗಿನ ಕೆಲಸಗಳಲ್ಲಿ ಈ ತೊಡಕು ಕಡಿಮೆ. ಕಾಲೇಜಿನ ಪ್ರಯೋಗಾಲಯದಲ್ಲಿ ಶುರುಮಾಡಲು ಆಗುವಂಥವೂ ಇವೇ.