ಲಾರಿಯ ಹಿಂದಿನ ಆಕ್ಸಲ್ ಪುನರ್ನಿರ್ಮಾಣ: ಬಿಡಿಭಾಗಗಳ ಆಯ್ಕೆ ಮತ್ತು ಅದರ ಲೆಕ್ಕಾಚಾರ

ನಮ್ಮ ಸದಸ್ಯರಲ್ಲಿ ಅನೇಕರು ಸರಕು ಸಾಗಣೆಗಾಗಿ ಸ್ವಂತ ಲಾರಿಗಳನ್ನು ಹೊಂದಿದ್ದಾರೆ. ಹಿಂದಿನ ಆಕ್ಸಲ್‌ನಿಂದ ಗುಂಯ್‌ಗುಡುವ ಶಬ್ದ ಬರತೊಡಗಿ, ಡಿಫರೆನ್ಷಿಯಲ್ ಬಿಚ್ಚಲೇಬೇಕೆಂದು ಮೆಕ್ಯಾನಿಕ್ ತಿಳಿಸಿದಾಗ ಮಾಲೀಕರ ಮುಂದೆ ಸಾಮಾನ್ಯವಾಗಿ ಮೂರು ದರಪಟ್ಟಿಗಳು ಬರುತ್ತವೆ. ಮೊದಲನೆಯದು ವಾಹನ ತಯಾರಕರ ಮೂಲ ಬಿಡಿಭಾಗಗಳದು, ಎರಡನೆಯದು ಇತರ ಕಂಪನಿಗಳದು, ಮೂರನೆಯದು ಹಳೆಯ ಲಾರಿಯಿಂದ ಕಳಚಿದ ಭಾಗಗಳದು. ಬಹುತೇಕ ಸಂದರ್ಭಗಳಲ್ಲಿ ಕಡಿಮೆ ಮೊತ್ತದ ಪಟ್ಟಿಗೇ ಒಪ್ಪಿಗೆ ದೊರೆಯುತ್ತದೆ. ಆದರೆ ಬಿಡಿಭಾಗದ ನಿಜವಾದ ಬೆಲೆ ಅದರ ಬಿಲ್ಲಿನಲ್ಲಿ ಪೂರ್ಣವಾಗಿ ಕಾಣುವುದಿಲ್ಲ. ಅದು ವಿಫಲವಾದಲ್ಲಿ ಆಗುವ ವೆಚ್ಚವನ್ನೂ ಸೇರಿಸಿಯೇ ಎಣಿಸಬೇಕೆಂಬುದು ಈ ಲೇಖನದ ತಿರುಳು.

ಮೊದಲು ಗುರುತು, ನಂತರ ಖರೀದಿ

ಒಂದೇ ಮಾದರಿಯ ಲಾರಿಗಳಲ್ಲಿ ಬೇರೆ ಬೇರೆ ಅನುಪಾತದ ಆಕ್ಸಲ್‌ಗಳು ಇರಬಹುದು. ಆದ್ದರಿಂದ ಲಾರಿಯ ಹೆಸರು ಹೇಳಿ ಭಾಗ ಕೊಳ್ಳುವುದು ಸರಿಯಲ್ಲ. ಚಾಸಿಸ್ ಸಂಖ್ಯೆ, ಆಕ್ಸಲ್ ಮೇಲಿನ ಫಲಕದ ಸಂಖ್ಯೆ ಹಾಗೂ ಹಲ್ಲುಗಳ ಎಣಿಕೆ, ಈ ಮೂರನ್ನೂ ತಾಳೆ ನೋಡತಕ್ಕದ್ದು. ಕ್ರೌನ್ ವೀಲ್‌ನಲ್ಲಿ 41 ಹಾಗೂ ಪಿನಿಯನ್‌ನಲ್ಲಿ 6 ಹಲ್ಲುಗಳಿದ್ದರೆ ಅನುಪಾತ 6.83, ಪಿನಿಯನ್‌ನಲ್ಲಿ 7 ಹಲ್ಲುಗಳಿದ್ದರೆ 5.86. ಮೊದಲನೆಯದು ಘಾಟಿಯಲ್ಲಿ ಭಾರ ಎಳೆಯಲು ಅನುಕೂಲ. ಆದರೆ ಹೆದ್ದಾರಿಯಲ್ಲಿ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. ಎರಡು ಚಾಲಿತ ಆಕ್ಸಲ್‌ಗಳಿರುವ ಟಿಪ್ಪರ್‌ಗಳಲ್ಲಿ ಎರಡರ ಅನುಪಾತವೂ ಒಂದೇ ಆಗಿರಬೇಕು. ಆಕ್ಸಲ್ ಷಾಫ್ಟ್ ಕೊಳ್ಳುವಾಗ ಉದ್ದ ಮತ್ತು ಸ್ಪ್ಲೈನ್‌ಗಳ ಸಂಖ್ಯೆಯನ್ನು ಹಳೆಯದರೊಡನೆ ಹೋಲಿಸಬೇಕು.

ಜೊತೆಯಾಗಿಯೇ ಕೊಳ್ಳಬೇಕಾದವು

ಕ್ರೌನ್ ವೀಲ್ ಮತ್ತು ಪಿನಿಯನ್‌ಗಳನ್ನು ಕಾರ್ಖಾನೆಯಲ್ಲಿ ಒಂದರೊಡನೆ ಒಂದನ್ನು ಕೂಡಿಸಿ ಸಿದ್ಧಪಡಿಸಿ, ಎರಡರ ಮೇಲೂ ಜೋಡಿ ಸಂಖ್ಯೆಯನ್ನು ಗುರುತಿಸುತ್ತಾರೆ. ಒಂದು ಮಾತ್ರ ಸವೆದಿದೆಯೆಂದು ಅದೊಂದನ್ನೇ ಬದಲಾಯಿಸಿದರೆ ಹಲ್ಲುಗಳು ಸರಿಯಾಗಿ ಕೂಡದೆ ಹೊಸದೂ ಬೇಗ ಹಾಳಾಗುತ್ತದೆ. ಟೇಪರ್ ರೋಲರ್ ಬೇರಿಂಗ್‌ನ ಕೋನ್ ಮತ್ತು ಕಪ್, ಡಿಫರೆನ್ಷಿಯಲ್‌ನ ಒಳಗಿನ ಚಿಕ್ಕ ಗೇರುಗಳು ಮತ್ತು ಅವುಗಳ ವಾಷರ್‌ಗಳು ಇದೇ ವರ್ಗಕ್ಕೆ ಸೇರುತ್ತವೆ. ಕ್ರೌನ್ ವೀಲ್‌ನ ಬೋಲ್ಟ್‌ಗಳನ್ನು ಹೊಸದಾಗಿಯೇ ಹಾಕಿಸುವುದು ಕ್ಷೇಮ.

ಎಲ್ಲಿ ಉಳಿಸಬಹುದು, ಎಲ್ಲಿ ಬಾರದು

ಇದಕ್ಕೆ ಒಂದು ಸರಳ ಅಳತೆಗೋಲು ಉಂಟು: ಆ ಭಾಗವನ್ನು ಮತ್ತೊಮ್ಮೆ ತಲುಪಲು ಎಷ್ಟು ಬಿಚ್ಚಬೇಕು? ಉದಾಹರಣೆಗಾಗಿ ಕೆಲವು ಅಂದಾಜು ಅಂಕಿಗಳನ್ನು ತೆಗೆದುಕೊಳ್ಳೋಣ. ಅಗ್ಗದ ಪಿನಿಯನ್ ಬೇರಿಂಗ್‌ನಿಂದ 4,000 ರೂ. ಉಳಿಯಿತೆನ್ನೋಣ. ಅದು ಕೆಟ್ಟು ಮತ್ತೆ ಬಿಚ್ಚಬೇಕಾದರೆ ಕೂಲಿ 9,000 ರೂ., ಗೇರ್ ಆಯಿಲ್ 4,000 ರೂ., ಸೀಲ್ ಇತ್ಯಾದಿ 1,000 ರೂ., ಲಾರಿ 4 ದಿನ ನಿಂತ ನಷ್ಟ ದಿನಕ್ಕೆ 3,000ದಂತೆ 12,000 ರೂ.; ಒಟ್ಟು 26,000 ರೂ. 4,000ವನ್ನು 26,000ದಿಂದ ಭಾಗಿಸಿದರೆ ಶೇ. 15ಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಅಗ್ಗದ ಬೇರಿಂಗ್ ಅಕಾಲದಲ್ಲಿ ಕೆಡುವ ಸಂಭವ ಮೂಲ ಬೇರಿಂಗ್‌ಗಿಂತ ನೂರಕ್ಕೆ 16ರಷ್ಟು ಹೆಚ್ಚಿದ್ದರೂ ಆ ಉಳಿತಾಯ ನಷ್ಟವೇ ಸರಿ. ಬೇರಿಂಗ್ ಕೆಟ್ಟಾಗ ಕ್ರೌನ್ ಪಿನಿಯನ್ನನ್ನೂ ಕೆಡಿಸುವುದುಂಟು. ಅದನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಸದಸ್ಯರು ತಮ್ಮ ತಮ್ಮ ಅಂಕಿಗಳನ್ನು ಹಾಕಿ ನೋಡಬಹುದು.

ಈ ಅಳತೆಗೋಲಿನ ಪ್ರಕಾರ ಒಳಗಿನ ಬೇರಿಂಗ್, ಗೇರು, ಶಿಮ್, ಪಿನಿಯನ್ ಸೀಲ್‌ಗಳಲ್ಲಿ ಜಿಪುಣತನ ಸಲ್ಲದು. ಹೊರಗಿನಿಂದಲೇ ಬದಲಾಯಿಸಬಹುದಾದ ಭಾಗಗಳಲ್ಲಿ ಮಿತವ್ಯಯ ಸಾಧ್ಯ. ಭಾರಿ ಲಾರಿಗಳ ಪೂರ್ಣ ತೇಲುವ ಆಕ್ಸಲ್‌ನಲ್ಲಿ ಭಾರವನ್ನು ಹೊರುವುದು ಹಬ್. ಷಾಫ್ಟ್ ಚಕ್ರವನ್ನು ತಿರುಗಿಸುತ್ತದೆಯಷ್ಟೆ. ಚಕ್ರ ಕಳಚದೆಯೇ ಅದನ್ನು ಹೊರಗೆಳೆಯಬಹುದು. ಆದಕಾರಣ ಸ್ಪ್ಲೈನ್ ತಿರುಚದ, ಬಿರುಕಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಹಳೆಯ ಷಾಫ್ಟ್ ಪರಿಗಣನೆಗೆ ಯೋಗ್ಯ. ಬೇರಿಂಗ್ ಕೂರುವ ಜಾಗ ಸವೆಯದ, ಬಿರುಕಿಲ್ಲದ ಹಳೆಯ ಹೌಸಿಂಗ್ ಕೂಡ ಹಾಗೆಯೇ.

ಹಬ್ ಆಯಿಲ್ ಸೀಲ್ ಮಾತ್ರ ಇದಕ್ಕೆ ಅಪವಾದ. ಅದು ಸೋರಿದರೆ ಎಣ್ಣೆ ಬ್ರೇಕ್ ಲೈನಿಂಗ್‌ಗೆ ತಗಲುತ್ತದೆ. ಭಾರ ಹೊತ್ತು ಶಿರಾಡಿ ಘಾಟಿ ಇಳಿಯುವ ಲಾರಿಯಲ್ಲಿ ಇದು ಹಣದ ಪ್ರಶ್ನೆಯಲ್ಲ; ಚಾಲಕನ ಪ್ರಾಣದ ಪ್ರಶ್ನೆ.

ಜೋಡಣೆಯ ದಾಖಲೆ

ಉತ್ತಮ ಭಾಗವೂ ತಪ್ಪು ಜೋಡಣೆಯಿಂದ ಹಾಳಾಗುತ್ತದೆ. ಹೌಸಿಂಗ್‌ನಲ್ಲಿ ಉಳಿದ ಲೋಹದ ಚೂರುಗಳನ್ನು ಪೂರ್ಣವಾಗಿ ತೊಳೆದಿರಬೇಕು. ಬೇರಿಂಗ್‌ನ ಬಿಗಿತ, ಹಲ್ಲುಗಳ ನಡುವಿನ ಸಡಿಲ ಹಾಗೂ ಬಣ್ಣ ಹಚ್ಚಿ ನೋಡಿದ ಹಲ್ಲಿನ ಸ್ಪರ್ಶ, ಇವು ತಯಾರಕರ ಕೈಪಿಡಿಯ ಅಳತೆಗೆ ಹೊಂದಿರಬೇಕು. ಈ ಅಳತೆಗಳನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆಸಿಕೊಂಡರೆ ಮುಂದೆ ವಾರಂಟಿ ಕೇಳಲು ಆಧಾರವಾಗುತ್ತದೆ. ಹೈಪಾಯ್ಡ್ ಗೇರುಗಳಿಗೆ ಜಿಎಲ್-5 ದರ್ಜೆಯ ಆಯಿಲ್ ಬಳಸುವುದು ವಾಡಿಕೆ. ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನೇ ತುಂಬಿಸತಕ್ಕದ್ದು.

ತೆರಿಗೆ ಮತ್ತು ಲೆಕ್ಕ ಬರಹ

1. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ದರ ಶೇ. 18. ತೆರಿಗೆಗೊಳಪಡುವ ವ್ಯವಹಾರಕ್ಕೆ ಬಳಸುವ ಸರಕು ಲಾರಿಯ ದುರಸ್ತಿಯ ಮೇಲೆ ಸಾಮಾನ್ಯ ನೋಂದಣಿದಾರರು ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಕಾಂಪೊಸಿಷನ್ ಪದ್ಧತಿಯವರಿಗೆ ಈ ಸೌಲಭ್ಯವಿಲ್ಲ. ಜಮೆಗೆ ಅರ್ಹರಾದವರು ದರಪಟ್ಟಿಗಳನ್ನು ತೆರಿಗೆ ಕಳೆದೇ ಹೋಲಿಸಬೇಕು. ಬಿಲ್ಲಿಲ್ಲದ 20,000 ರೂ. ಮಾಲಿಗಿಂತ ತೆರಿಗೆ ಸೇರಿ 25,960 ರೂ. ಆಗುವ ಮಾಲು ದುಬಾರಿಯೆಂದು ತೋರಿದರೂ, ಜಮೆಯ ನಂತರ ಅದರ ಬೆಲೆ 22,000 ರೂ. ಮಾತ್ರ, ಜೊತೆಗೆ ವಾರಂಟಿಯೂ ಉಂಟು. ಬಿಲ್ಲಿಲ್ಲದ ಖರೀದಿ ಕಾನೂನುಬಾಹಿರವೂ ಹೌದು.

2. ಬಳಕೆಯಲ್ಲಿರುವ ಲಾರಿಯನ್ನು ಮೊದಲಿನ ಸ್ಥಿತಿಗೆ ತರುವ ವೆಚ್ಚವು ಸಾಮಾನ್ಯವಾಗಿ ಆ ವರ್ಷದ ದುರಸ್ತಿ ವೆಚ್ಚ. ಕೆಟ್ಟು ನಿಂತ ಲಾರಿಯನ್ನು ಕೊಂಡು, ಓಡಿಸುವ ಮೊದಲೇ ಮಾಡಿಸಿದ ದುರಸ್ತಿಯನ್ನು ಲಾರಿಯ ಮೂಲಬೆಲೆಗೆ ಸೇರಿಸಿ ಸವಕಳಿ ಪಡೆಯಬೇಕು.

3. ಒಂದೇ ದಿನ ಒಬ್ಬರಿಗೇ 10,000 ರೂ. ಮೀರಿ ನಗದು ಪಾವತಿಸಿದರೆ, ಆದಾಯ ತೆರಿಗೆಯ ಲೆಕ್ಕದಲ್ಲಿ ಆ ವೆಚ್ಚ ಸಾಮಾನ್ಯವಾಗಿ ಅಮಾನ್ಯವಾಗುತ್ತದೆ. ಬಿಡಿಭಾಗದ ಅಂಗಡಿಗೂ ಗ್ಯಾರೇಜಿಗೂ ಬ್ಯಾಂಕಿನ ಮೂಲಕವೇ ಪಾವತಿಸುವುದು ಲೇಸು.

ಮೈಸೂರಿನಲ್ಲಿ 1981ರಲ್ಲಿ ಸ್ಥಾಪಿತವಾದ ಆಟೊಮೋಟಿವ್ ಆಕ್ಸಲ್ಸ್ ಸಂಸ್ಥೆ ಲಾರಿಗಳ ಹಿಂದಿನ ಆಕ್ಸಲ್‌ಗಳನ್ನು ತಯಾರಿಸುತ್ತದೆ, ಬೆಂಗಳೂರಿನ ಜೆ.ಸಿ. ರಸ್ತೆಯಂತಹ ದೊಡ್ಡ ಬಿಡಿಭಾಗಗಳ ಪೇಟೆಯೂ ನಮ್ಮಲ್ಲಿಯೇ ಇದೆ. ಆದ್ದರಿಂದ ಒಳ್ಳೆಯ ಮಾಲು ನಮ್ಮ ರಾಜ್ಯದಲ್ಲಿ ದುರ್ಲಭವಲ್ಲ. ದರಪಟ್ಟಿಗೆ ಸಹಿ ಮಾಡುವ ಮುನ್ನ ಪ್ರತಿಯೊಂದು ಭಾಗದ ಎದುರಿಗೂ "ಇದು ಕೆಟ್ಟರೆ ಮತ್ತೆ ಎಷ್ಟು ಖರ್ಚು?" ಎಂಬ ಒಂದು ಅಂಕಣವನ್ನು ಕೈಯಿಂದ ಬರೆದು ತುಂಬಿರಿ. ಯಾವ ಪಟ್ಟಿ ನಿಜವಾಗಿ ಅಗ್ಗವೆಂಬುದು ಆ ಅಂಕಣದಿಂದಲೇ ತಿಳಿಯುತ್ತದೆ.